ಟಾರು ಬಿಟ್ಟರೆ ಕೆಮ್ಮಣ್ಣು

ರಾತ್ರಿ ಮಳೆ ಬಿದ್ದಿದೆ. ಶ್ರೀನಿವಾಸಪುರದಿಂದ ಹೊರಟ ಟಾರು ರಸ್ತೆ ಬೆಳಗಿನ ಬಿಸಿಲಿಗೆ ಆಗಲೇ ಒಣಗಿದೆ. ಅದರಿಂದ ಎಡಕ್ಕೆ ಮಾವಿನ ತೋಪಿಗೆ ಇಳಿಯುವ ಬಂಡಿದಾರಿ ಮಾತ್ರ ಇನ್ನೂ ಕೆಂಪು ಕೆಸರು. ಜೂನ್ ತಿಂಗಳು, ಕೊಯ್ಲಿನ ದಿನಗಳು. ಮರದ ಬುಡದಲ್ಲಿ ಬಾದಾಮಿ, ತೋತಾಪುರಿ ತುಂಬಿದ ಪ್ಲಾಸ್ಟಿಕ್ ಕ್ರೇಟುಗಳು ಸಾಲಾಗಿ ಕಾಯುತ್ತಿವೆ. ಮಂಡಿಗೆ ಹೋಗುವ ಲಾರಿ ಟಾರಿನ ಅಂಚಿನಲ್ಲೇ ನಿಂತಿದೆ, ಅದು ಒಳಗೆ ಬರುವುದಿಲ್ಲ. ಒಳಗೆ ಹೋಗಬೇಕಾದದ್ದು ಹಳೆಯ ಮಹೀಂದ್ರಾ ಜೀಪು. ಚಾಲಕರು ಇಳಿದು ಮುಂದಿನ ಒಂದೊಂದು ಚಕ್ರದ ನಡುಮಧ್ಯದಲ್ಲೂ ಇರುವ, ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಲಾಕ್ ಹಬ್ ತಿರುಗಿಸುತ್ತಾರೆ, ಮತ್ತೆ ಹತ್ತಿ ಕ್ಲಚ್ ಒತ್ತಿ, ಗೇರಿನ ಪಕ್ಕದ ಗಿಡ್ಡ ಸರಳನ್ನು ಎಳೆಯುತ್ತಾರೆ.

“ಇಲ್ಲೇ ಹಾಕ್‌ಬಿಟ್ರಾ ಅಣ್ಣ? ಇನ್ನೂ ಕೆಸರೇ ಬಂದಿಲ್ಲ,” ಎನ್ನುತ್ತಾನೆ ಕ್ರೇಟು ಹೊರಲು ಬಂದ ಹುಡುಗ.

“ಹೂತ್ಕೊಂಡ್ ಮೇಲೆ ಹಾಕಿ ಏನ್ ಮಾಡ್ತೀಯ ತಮ್ಮಾ?”

ಆ ಗಿಡ್ಡ ಸರಳಿನ ಕೆಳಗಿರುವುದೇ ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡ ಪೆಟ್ಟಿಗೆ. ಗೇರ್‌ಬಾಕ್ಸಿನಿಂದ ಬಂದ ಶಕ್ತಿ ಇದರೊಳಗೆ ಹೊಕ್ಕು ಎರಡು ಬಾಗಿಲಿನಿಂದ ಹೊರಬೀಳಬಹುದು. ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಆಕ್ಸಲ್‌ಗೆ ಹೋಗುತ್ತದೆ, ಇನ್ನೊಂದು ಮುಂದಿನದಕ್ಕೆ. ಹಿಂದಿನ ಬಾಗಿಲು ಓಡಾಟದಲ್ಲಿ ಯಾವಾಗಲೂ ತೆರೆದೇ ಇರುತ್ತದೆ. ಮುಂದಿನದು ಚಾಲಕ ಬೇಕೆಂದಾಗ ಮಾತ್ರ. ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಎಂಬ ಹೆಸರು ಬಂದದ್ದು ಇದಕ್ಕೇ.

ಮುಂದಿನ ಬಾಗಿಲು ತೆರೆದಾಗ ಒಳಗೆ ಏನಾಗುತ್ತದೆ ಎನ್ನುವುದನ್ನು ಎಷ್ಟೋ ಜನ ಗಾಡಿ ಕೊಂಡ ಮೇಲೂ ಕೇಳಿ ತಿಳಿದುಕೊಳ್ಳುವುದಿಲ್ಲ. ಕಣದಲ್ಲಿ ಜೋಡೆತ್ತು ಕಟ್ಟಿ ರಾಗಿ ತುಳಿಸಿದ್ದನ್ನು ನೋಡಿದವರಿಗೆ ಗೊತ್ತು: ಮೇಟಿಯ ಹತ್ತಿರದ ಎತ್ತು ಸಣ್ಣ ಹೆಜ್ಜೆ ಇಡುತ್ತದೆ, ಹೊರಗಿನದು ದೊಡ್ಡ ಹೆಜ್ಜೆ. ಒಂದೇ ಆಕ್ಸಲ್ಲಿನ ಎಡ ಬಲ ಚಕ್ರಗಳಿಗೆ ಈ ಸ್ವಾತಂತ್ರ್ಯ ಕೊಡುವುದು ಡಿಫರೆನ್ಷಿಯಲ್. ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ನಡುವೆ ಅಂಥದೇ ಇನ್ನೊಂದು ಬೇಕಲ್ಲ? ಸದಾ ನಾಲ್ಕೂ ಚಕ್ರ ತಿರುಗಿಸುವ ಗಾಡಿಗಳಲ್ಲಿ ಅದು ಅಥವಾ ಅದರ ಕೆಲಸ ಮಾಡುವ ಕ್ಲಚ್ಚು ಇರುತ್ತದೆ. ಪಾರ್ಟ್ ಟೈಮ್ ಪೆಟ್ಟಿಗೆಯಲ್ಲಿ ಇಲ್ಲ. ಸರಳು ಎಳೆದ ಕ್ಷಣದಿಂದ ಎರಡೂ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹಿಂದಿನದು ಒಂದು ಸುತ್ತು ತಿರುಗಿದರೆ ಮುಂದಿನದೂ ಸರಿಯಾಗಿ ಒಂದೇ ಸುತ್ತು.

ತೋಪಿನೊಳಗೆ ಇದೇ ವರ. ಹಿಂದಿನ ಚಕ್ರ ಜಾರಿದರೂ ಮುಂದಿನ ಶಾಫ್ಟು ನಿಲ್ಲುವುದಿಲ್ಲ, ಹಿಡಿತ ಸಿಕ್ಕ ಚಕ್ರ ಗಾಡಿಯನ್ನು ಎಳೆಯುತ್ತದೆ. ಮಿತಿಯೂ ಇದೆ. ಮರದ ಪಾತಿಯ ಏರಿ ಹತ್ತುವಾಗ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೂ ಗಾಳಿಯಲ್ಲಿ ತೇಲಿದರೆ, ಆಕ್ಸಲ್ಲಿನ ಡಿಫರೆನ್ಷಿಯಲ್ ಲಾಕ್ ಇಲ್ಲದ ಜೀಪು ಫೋರ್ ಬೈ ಫೋರ್ ಹಾಕಿಯೂ ಅಲ್ಲೇ ನಿಲ್ಲುತ್ತದೆ.

ಮುಳಬಾಗಿಲು ಕಡೆಗೆ ಬಂದರೆ ನೆಲದ ಸ್ವಭಾವವೇ ಬೇರೆ. ರಾಷ್ಟ್ರೀಯ ಹೆದ್ದಾರಿ 75 ಕೋಲಾರದಿಂದ ಮುಳಬಾಗಿಲು ದಾಟಿ ಆಂಧ್ರಕ್ಕೆ ಓಡುತ್ತದೆ. ಟಯರನ್ನು ಕಚ್ಚಿ ಹಿಡಿಯುವ ಒಣ ಟಾರು. ದೋಸೆಯ ಹೋಟೆಲುಗಳ ಮುಂದೆ ಬೆಂಗಳೂರಿನ ಗಾಡಿಗಳು, ಅವುಗಳಲ್ಲಿ ಮೈಯೆಲ್ಲ ಕೆಂಪು ಮಣ್ಣು ಮೆತ್ತಿಕೊಂಡ ಥಾರ್, ಜಿಮ್ನಿ. ಆವಣಿ ಬೆಟ್ಟದ ಸುತ್ತಲಿನ ಮಣ್ಣುದಾರಿಗಳಲ್ಲಿ ಓಡಿಸಿ ಬಂದವರು ಸರಳನ್ನು ನಾಲ್ಕೂ ಚಕ್ರ ತಿರುಗಿಸುವ 4ಎಚ್‌ನಲ್ಲೇ ಮರೆತಿದ್ದರೆ, ಹೋಟೆಲಿನ ಮುಂದೆ ಗಾಡಿ ತಿರುಗಿಸುವಾಗಲೇ ಗೊತ್ತಾಗುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ. ಯಾರೋ ಬ್ರೇಕು ಹಿಡಿದಂತೆ ಗಾಡಿ ತಡೆಯುತ್ತದೆ, ಟಯರು ಕಿರುಗುಟ್ಟುತ್ತದೆ.

ಲೆಕ್ಕ ಹಾಕಿ ನೋಡಬಹುದು. 2020ರಲ್ಲಿ ಬಂದ ಮೂರು ಬಾಗಿಲಿನ ಥಾರ್‌ನ ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವೆ 2.45 ಮೀಟರ್ ಅಂತರ. ಹಿಂದಿನ ಆಕ್ಸಲ್ಲಿನ ನಡುಮಧ್ಯ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು ಸುಮಾರು 5.57 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕು. ಕಾಲು ಸುತ್ತಿಗೆ ಹಿಂದಿನದು 7.85 ಮೀಟರ್ ನಡೆದರೆ ಮುಂದಿನದು 8.75 ಮೀಟರ್ ನಡೆಯುತ್ತದೆ. ಹತ್ತಿರ ಹತ್ತಿರ ಮೂರು ಅಡಿ ವ್ಯತ್ಯಾಸ! ಬಿಗಿದ ಶಾಫ್ಟುಗಳು ಈ ಮೂರಡಿಯನ್ನು ಒಪ್ಪುವುದಿಲ್ಲ. ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಟಯರು ತುಸು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನಲ್ಲಿ ಜಾರಲು ಜಾಗವಿಲ್ಲ. ಆ ಸೆಣಸಾಟವೆಲ್ಲ ಶಾಫ್ಟುಗಳಲ್ಲಿ, ಹಲ್ಲುಚಕ್ರಗಳಲ್ಲಿ, ಜಾಯಿಂಟುಗಳಲ್ಲಿ ತಿರುಚಾಗಿ ಸೇರಿಕೊಳ್ಳುತ್ತದೆ. ಆಮೇಲೆ ಸರಳನ್ನು ಹಿಂದಿನ ಚಕ್ರ ಮಾತ್ರ ತಿರುಗಿಸುವ 2ಎಚ್‌ಗೆ ತಳ್ಳಿದರೆ ಅದು ಕದಲುವುದಿಲ್ಲ. ಬಲವಂತ ಮಾಡಬಾರದು. ನೇರವಾಗಿ ಸ್ವಲ್ಪ ದೂರ ರಿವರ್ಸ್ ತೆಗೆದರೆ ತಿರುಚು ಬಿಚ್ಚಿಕೊಂಡು ಸರಳು ತಾನೇ ಸಡಿಲವಾಗುತ್ತದೆ. ಮಳೆ ಬಂದಾಗ ಹಿಡಿತ ಹೆಚ್ಚಲಿ ಎಂದು ಹೆದ್ದಾರಿಯ ಉದ್ದಕ್ಕೂ 4ಎಚ್‌ನಲ್ಲೇ ಓಡಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನೆಲ ಒಣಗಿದ ಕಡೆಯೆಲ್ಲ ಗಾಡಿ ಒಳಗೇ ನಲುಗುತ್ತಿರುತ್ತದೆ.

ಕೋಲಾರ ಊರಿನ ಬೆನ್ನಿಗೆ ಶತಶೃಂಗ ಬೆಟ್ಟಸಾಲು. ಕೆಳಗೆ ಅಂತರಗಂಗೆ, ಮೇಲೆ ತೇರಹಳ್ಳಿ ಕಡೆಯ ಊರುಗಳು, ಹೊಲಗಳು. ರಸ್ತೆ ಬಿಟ್ಟು ಒಳದಾರಿ ಹಿಡಿದರೆ ಗುಂಡುಕಲ್ಲುಗಳ ರಾಶಿ, ನಡುನಡುವೆ ಮಳೆನೀರು ಕೊರೆದ ಕೊರಕಲು. ಇಲ್ಲಿ ಕೆಲಸಕ್ಕೆ ಬರುವುದು ಪೆಟ್ಟಿಗೆಯ ಇನ್ನೊಂದು ಗುಣ, ನಮ್ಮ ಹಳೆಯ ಚಾಲಕರು ಸ್ಪೆಷಲ್ ಗೇರ್ ಎನ್ನುವ 4ಎಲ್. ಅದನ್ನು ಹಾಕಲು ಗಾಡಿ ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ, ನ್ಯೂಟ್ರಲ್ ದಾಟಿಸಬೇಕು. ಥಾರ್‌ನಲ್ಲಿ ಇದರ ಅನುಪಾತ 2.48. ಎಂಜಿನ್ನಿನ ಸುತ್ತು ಅಷ್ಟೇ ಇದ್ದು ಚಕ್ರದ ವೇಗ 2.48 ಪಟ್ಟು ಇಳಿಯುತ್ತದೆ, ತಿರುಗಿಸುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಮೊದಲನೇ ಗೇರಿನಲ್ಲಿ ಮನುಷ್ಯ ನಡೆಯುವ ವೇಗಕ್ಕಿಂತ ನಿಧಾನವಾಗಿ ಗಾಡಿ ಕಲ್ಲಿನ ಮೇಲೊಂದು ಚಕ್ರ ಇಟ್ಟು, ಇಳಿಸಿ, ಇನ್ನೊಂದು ಇಡುತ್ತದೆ. ಹತ್ತುವುದಕ್ಕಿಂತ ಇಳಿಯುವಾಗಲೇ ಇದರ ಬೆಲೆ ತಿಳಿಯುವುದು. ಬ್ರೇಕಿನ ಮೇಲೆ ನಿಂತರೆ ಚಕ್ರ ಕಚ್ಚಿಕೊಂಡು ಸಡಿಲ ಕಲ್ಲಿನ ಮೇಲೆ ಜಾರುತ್ತದೆ. ಲೋ ಗೇರಿನಲ್ಲಿ ಕ್ಲಚ್ ಮುಟ್ಟದೆ ಬಿಟ್ಟರೆ ಎಂಜಿನ್ನೇ ನಾಲ್ಕೂ ಚಕ್ರವನ್ನು ಹಿಡಿದು ಇಳಿಸುತ್ತದೆ.

ಈ ವಿದ್ಯೆ ಹಬ್ಬಿದ್ದು ಎರಡನೇ ಮಹಾಯುದ್ಧದ ಜೀಪಿನಿಂದ. 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಸ್ಪೈಸರ್ ಮಾಡೆಲ್ 18 ಎಂಬ ಪೆಟ್ಟಿಗೆಯಿತ್ತು, ಲೋ ಅನುಪಾತ 1.97. ಚಾಲಕನ ಬಲಗೈಗೆ ಮೂರು ಸರಳು: ಗೇರಿಗೊಂದು, ಮುಂದಿನ ಆಕ್ಸಲ್ಲಿಗೊಂದು, ಹೈ-ಲೋಗೊಂದು. ವಿಲ್ಲಿಸ್ ಜೀಪುಗಳನ್ನು ಮಹೀಂದ್ರಾದವರು ನಮ್ಮಲ್ಲಿ ಜೋಡಿಸತೊಡಗಿದ ಮೇಲೆ ಅದೇ ವಿದ್ಯೆ ಹಳ್ಳಿಗೂ ಇಳಿಯಿತು. ಇಂದು ದೇಶದ ಗಾಡಿಗಳಿಗೆ ಟ್ರಾನ್ಸ್‌ಫರ್ ಕೇಸ್ ಮಾಡಿಕೊಡುವ ದಿವಗಿ ಟಾರ್ಕ್‌ಟ್ರಾನ್ಸ್‌ಫರ್ ಸಿಸ್ಟಮ್ಸ್ ಕಂಪನಿಗೆ ಪುಣೆಯ ಬಳಿಯಲ್ಲದೆ ನಮ್ಮ ಶಿರಸಿಯಲ್ಲೂ ಕಾರ್ಖಾನೆಯಿದೆ. ಮಲೆನಾಡಿನ ಅಡಿಕೆ ಪೇಟೆಗೂ ಈ ಕೆಮ್ಮಣ್ಣಿಗೂ ಅಷ್ಟು ನಂಟು ಇದೆ ಎಂದು ತಿಳಿದಾಗ ನನಗೆ ಹೆಮ್ಮೆಯೆನಿಸಿತು.

ಇನ್ನು ಕೆರೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಕೋಲಾರ ಜಿಲ್ಲೆಗೆ ಕೆರೆಯೇ ಜೀವ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ತರುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಿಟ್ಟಿತು. 126 ಕೆರೆ ತುಂಬಿಸುವುದು ಆಗ ಅದರ ಗುರಿಯಾಗಿತ್ತು. ನೀರು ಮುಟ್ಟದ ಕೆರೆಗಳಲ್ಲಿ ಬೇಸಿಗೆಯಲ್ಲಿ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಾರೆ. ಮಾಲೂರು ಕಡೆ ನೀಲಗಿರಿ ತೋಪುಗಳ ಮಗ್ಗುಲಿನ ಕೆರೆಯಂಗಳದಲ್ಲಿ ಗೋಡು ಹೊತ್ತು ಏರಿ ಹತ್ತುವ ಟ್ರ್ಯಾಕ್ಟರುಗಳನ್ನು ನಿಂತು ನೋಡಬೇಕು. ಫೋರ್ ವೀಲ್ ಟ್ರ್ಯಾಕ್ಟರಿನಲ್ಲೂ ಮುಂದಿನ ಆಕ್ಸಲ್ ಜೋಡಿಸುವ ಸರಳಿದೆ, ಆದರೆ ಅಲ್ಲಿ ಮುಂದಿನ ಸಣ್ಣ ಚಕ್ರದ ಅಂಚು ಹಿಂದಿನದಕ್ಕಿಂತ ಕೊಂಚ ವೇಗವಾಗಿ ನಡೆಯುವಂತೆ ಬೇಕೆಂದೇ ಹಲ್ಲು ಕೂರಿಸಿರುತ್ತಾರೆ; ಮುಂದಿನ ಚಕ್ರ ಎಳೆಯಬೇಕಲ್ಲದೆ ತಳ್ಳಿಸಿಕೊಳ್ಳಬಾರದು. ಹಾಗಾಗಿ ನೇರ ಟಾರಿನಲ್ಲೂ ಅದು ಜಗ್ಗಾಡಿ ಟಯರು ತಿನ್ನುತ್ತದೆ. ಏರಿ ದಾಟಿ ಇಟ್ಟಿಗೆ ಗೂಡುಗಳ ಪಕ್ಕದ ರಸ್ತೆಗೆ ಬರುತ್ತಿದ್ದಂತೆ ಚಾಲಕರ ಕೈ ತಾನಾಗಿ ಆ ಸರಳಿಗೆ ಹೋಗುತ್ತದೆ.

ಜೀಪಿನವರಿಗೆ ಕೆರೆ ಬೇರೆ ಕೆಲಸ ಕೊಡುತ್ತದೆ. ಕೋಡಿ ಹರಿಯುವ ನೀರಿನಲ್ಲಿ ಇಳಿದೆದ್ದ ಮೇಲೆ ಗಾಡಿಯಡಿ ಮಲಗಿ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ತುಂಬುವ ಬೋಲ್ಟು ಬಿಚ್ಚಿ ಬೆರಳದ್ದಿ ನೋಡಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಆಗ ಅಷ್ಟೂ ಎಣ್ಣೆ ಚೆಲ್ಲಿ, ಸೀಲು ನೋಡಿ, ಹೊಸದು ತುಂಬಿದ ಮೇಲೆಯೇ ಗಾಡಿ ಹೊರಡಬೇಕು.