ಮಣ್ಣಿನ ಕ್ಲಾಸಿಗೆ ಹೋಗಬಹುದೇ ಡಾಕ್ಟರೇ?

ಕಳೆದ ಮಳೆಗಾಲದಲ್ಲಿ ನಮ್ಮ ಕ್ಲಿನಿಕ್ಕಿಗೆ ಅರವತ್ತೆರಡು ವರ್ಷದ ಮಹಿಳೆಯೊಬ್ಬರು ಬಂದಿದ್ದರು. ಧಾರವಾಡದ ಕಡೆಯವರು. ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು, ಪತಿ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಮಗ ಸೊಸೆಯೊಂದಿಗೆ ಇದ್ದಾರೆ. ರಕ್ತದೊತ್ತಡದ ಮಾತ್ರೆ ಬರೆಸಿಕೊಂಡು ಎದ್ದವರು ಬಾಗಿಲ ಬಳಿ ನಿಂತು, "ಡಾಕ್ಟ್ರ, ನಮ್ಮ ಸೊಸಿ ನನ್ನ ಹೆಸರು ಮಣ್ಣಿನ ಕ್ಲಾಸಿಗೆ ಹಚ್ಯಾಳ. ಈ ಬೆರಳು ಇಟಗೊಂಡು ಹೋಗಬಹುದೇನ್ರಿ?" ಎಂದು ಕೇಳಿದರು. ಅವರ ಬೆರಳ ತುದಿಯ ಗೆಣ್ಣುಗಳು ಗಟ್ಟಿಯಾಗಿ ಉಬ್ಬಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ.

ರೋಗಿಗಳು ಬಾಗಿಲ ಬಳಿ ನಿಂತು ಕೇಳುವುದೇ ಅವರ ನಿಜವಾದ ಪ್ರಶ್ನೆ ಎಂಬುದು ನನ್ನ ಅನುಭವ. "ಧಾರಾಳವಾಗಿ ಹೋಗಿ, ಬೆರಳಿಗೂ ಒಳ್ಳೆಯದು" ಎಂದು ಹೇಳಿ ಕಳಿಸಿದೆ. ಹೇಳಿದ್ದು ತಪ್ಪಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧ ಹೇಳದೇ ಹೋದದ್ದರ ಫಲ ಎರಡು ತಿಂಗಳ ನಂತರ ತಿಳಿಯಿತು. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾರೆ.

ಇತ್ತೀಚೆಗೆ ಪಟ್ಟಣಗಳಲ್ಲಿ ಇಂತಹ ಮಣ್ಣಿನ ತರಗತಿಗಳು ಹೆಚ್ಚಾಗಿವೆ. ಬೇಸಿಗೆ ರಜೆಯಲ್ಲಿ ಮಕ್ಕಳು, ವಾರಾಂತ್ಯದಲ್ಲಿ ಕಂಪ್ಯೂಟರ್ ಕೆಲಸದವರು, ಉಳಿದ ದಿನ ನಿವೃತ್ತರು. ಹೊಸಬರಿಗೆ ಕುಂಬಾರರ ತಿಗರಿ ಬೇಗ ಒಲಿಯುವುದಿಲ್ಲವಾದ್ದರಿಂದ ಕೈಯಲ್ಲೇ ಕಟ್ಟುವ ಮಡಕೆಯಿಂದ ಪಾಠ ಆರಂಭವಾಗುತ್ತದೆ. ವಿಧಾನ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದ್ದೇ ಇಲ್ಲ. ರೊಟ್ಟಿಯಂತೆ ಮಣ್ಣನ್ನು ತಟ್ಟಿ ತಳ ಮಾಡಿಕೊಳ್ಳುವುದು. ಕೋಡುಬಳೆಗೆ ಹಿಟ್ಟು ಹೊಸೆದಂತೆ ಕಿರುಬೆರಳ ದಪ್ಪಕ್ಕೆ ಮಣ್ಣು ಹೊಸೆದು, ತಳದ ಅಂಚಿನ ಮೇಲೆ ಸುತ್ತಿನ ಮೇಲೆ ಸುತ್ತು ಇಡುತ್ತ ಹೋಗುವುದು. ಪ್ರತಿ ಸುತ್ತನ್ನೂ ಒಳಗಿನಿಂದ ಹೆಬ್ಬೆರಳಿನಲ್ಲಿ ಕೆಳಕ್ಕೆ ಎಳೆದು ಬೆಸೆಯಬೇಕು. ನಾಲ್ಕೈದು ಸುತ್ತು ಏರಿದ ಮೇಲೆ ಸ್ವಲ್ಪ ಬಿಗಿಯಾಗಲು ಬಿಡದಿದ್ದರೆ ಇಡೀ ಗೋಡೆ ಕುಸಿದು ಕೂರುತ್ತದೆ. ತಿಗರಿ ಇಲ್ಲದೆ ಪಾತ್ರೆ ಮಾಡುವುದು ಹೊಸ ಶೋಕಿಯೇನಲ್ಲ. ಮಣಿಪುರದ ಲೊಂಗ್ಪಿಯ ಕರಿ ಮಡಕೆಗಳನ್ನು ಇಂದಿಗೂ ಹಾಗೆಯೇ ಮಾಡುತ್ತಾರೆ.

ಮಡಕೆ ಎದ್ದು ನಿಂತು ಸ್ವಲ್ಪ ಗಟ್ಟಿಯಾದಾಗ ಅದಕ್ಕೊಂದು ಮುಖ ಮೂಡಿಸುವುದು ಮುಂದಿನ ಪಾಠ. ಒಳಗಿನಿಂದ ಬೆರಳೊತ್ತಿದರೆ ಕೆನ್ನೆ, ಹುಬ್ಬು ಉಬ್ಬುತ್ತವೆ. ಮೂಗು, ಕಿವಿ, ತುಟಿಗಳನ್ನು ಬೇರೆಯಾಗಿ ಮಾಡಿ, ಎರಡೂ ಕಡೆ ಗೀರು ಹಾಕಿ, ತೆಳ್ಳಗಿನ ಮಣ್ಣಿನ ರಾಡಿ ಸವರಿ ಅಂಟಿಸಬೇಕು. ಗೀರು ಹಾಕದೆ ಅಂಟಿಸಿದ್ದು ಒಣಗುವಾಗಲೋ ಆವಿಗೆಯಲ್ಲೋ ಕಳಚಿ ಬೀಳುತ್ತದೆ. ನಮ್ಮ ಶಿಕ್ಷಕಿಗೆ ಇದು ಬಾಲ್ಯದ ಆಟ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ, ಭಾದ್ರಪದದಲ್ಲಿ ಬುಟ್ಟಿಯೊಳಗೆ ಕೂತು ಮನೆ ಮನೆಗೆ ಬರುತ್ತಿದ್ದ ಅಗಲ ಕಣ್ಣಿನ ಜೋಕುಮಾರನನ್ನು ಕಂಡ ಕಣ್ಣು.

ಬೆರಳಿನ ಮಾತು

ಮೊದಲು ಅವರು ಕೇಳಿದ ಪ್ರಶ್ನೆ. ಐವತ್ತು ದಾಟಿದ ಅನೇಕ ಮಹಿಳೆಯರಿಗೆ ಬೆರಳ ತುದಿಯ ಗೆಣ್ಣುಗಳಲ್ಲಿ ಕಾಣುವ ಗಂಟುಗಳು ಕೀಲಿನ ಸವೆತದಿಂದಾದವು. ಇಂತಹ ಕೈಗೆ ಪೂರ್ಣ ವಿಶ್ರಾಂತಿ ಹಿತವಲ್ಲ. ಮೆತ್ತಗಿನ ಮಣ್ಣನ್ನು ಅಂಗೈಯಲ್ಲಿ ಹೊಸೆಯುವುದು ಒಳ್ಳೆಯ ವ್ಯಾಯಾಮ. ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರ ಕೈಗೆ ಚಿಕಿತ್ಸಕರು ಮಣ್ಣಿನಂತಹ ಮೆತ್ತನೆಯ ಮುದ್ದೆಯನ್ನು ಕೊಟ್ಟು ಹಿಸುಕಲು ಹೇಳುವುದೂ ಇದೇ ಕಾರಣಕ್ಕೆ.

ಆದರೆ ಮಣ್ಣು ನಾದಿ ಹದ ಮಾಡುವ ಕೆಲಸವನ್ನು ಇಂತಹವರು ಬೇರೆಯವರಿಗೆ ಬಿಡಬೇಕು. ಅದು ಚಪಾತಿ ಹಿಟ್ಟಲ್ಲ. ಮಣಿಕಟ್ಟು ಮತ್ತು ಸೊಂಟದ ಮೇಲೆ ಬೀಳುವ ಭಾರ ಬಹಳ. ತುದಿಬೆರಳಲ್ಲಿ ಚಿವುಟಿ ಚಿವುಟಿ ಮಾಡುವುದಕ್ಕಿಂತ ಅಂಗೈ ಬಳಸುವುದು ಮೇಲು. ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಎದ್ದು ಓಡಾಡಬೇಕು. ತಣ್ಣನೆಯ ಮಣ್ಣಿನಿಂದ ನೋವು ಹೆಚ್ಚಾಗುವವರು ಬಿಸಿನೀರಿನ ಬೋಗುಣಿ ಪಕ್ಕದಲ್ಲಿಟ್ಟುಕೊಳ್ಳಲಿ. ಹೆಬ್ಬೆರಳ ಬುಡದಲ್ಲಿ ಮಣಿಕಟ್ಟಿನ ಕಡೆಗೆ ನೋವು ಶುರುವಾದರೆ, ಅಥವಾ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕೀಲುಗಳು ಬಿಸಿಯಾಗಿ, ಊದಿಕೊಂಡು, ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುವ ರುಮಟಾಯ್ಡ್ ಸಂಧಿವಾತವೇ ಬೇರೆ. ಅದು ಉಲ್ಬಣಿಸಿರುವಾಗ ಮಣ್ಣು ಮುಟ್ಟುವುದು ಬೇಡ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಕುಂದಿದವರಿಗೆ ಮಣ್ಣು ಕತ್ತರಿಸುವ ತಂತಿ ಕೊಯ್ದರೂ ತಿಳಿಯದು. ಅವರು ಕೆಲಸ ಮುಗಿದ ಮೇಲೆ ಕೈಯನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು.

ಇನ್ನೊಂದು ಸಂಗತಿ, ಪ್ರಾಸಂಗಿಕವಾಗಿ. ಹಸಿ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರಿ ಒಂದು ಚೂರು ತಿನ್ನಬೇಕೆನಿಸಿದರೆ ನಾಚಿಕೊಳ್ಳಬೇಡಿ, ರಕ್ತಪರೀಕ್ಷೆ ಮಾಡಿಸಿ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಚಪಲದ ಹಿಂದೆ ಅನೇಕ ವೇಳೆ ಕಬ್ಬಿಣಾಂಶದ ಕೊರತೆ ಇರುತ್ತದೆ.

ಹೇಳದೇ ಬಿಟ್ಟ ಮಾತು

ಎರಡು ತಿಂಗಳ ನಂತರ ಆಕೆ ಬಂದದ್ದು ಐದು ವರ್ಷದ ಮೊಮ್ಮಗನನ್ನು ಎತ್ತಿಕೊಂಡು. ಹುಡುಗನಿಗೆ ಮೊದಲಿನಿಂದಲೂ ಉಬ್ಬಸ. ಎರಡು ದಿನದಿಂದ ಕೆಮ್ಮು ಬಿಟ್ಟಿರಲಿಲ್ಲ, ಎದೆಯಲ್ಲಿ ಸುಂಯ್ ಸುಂಯ್ ಶಬ್ದ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಅಜ್ಜಿ ಒಣಗಿದ ಮಡಕೆಯನ್ನು ಮನೆಗೆ ತಂದು, ಬಾಲ್ಕನಿಯಲ್ಲಿ ಕೂತು, ಮರಳು ಕಾಗದದಿಂದ ಉಜ್ಜಿ ನಯ ಮಾಡುತ್ತಿದ್ದರು. ಮೊಮ್ಮಗ ಪಕ್ಕದಲ್ಲೇ ಕೂತು ಉದುರಿದ ಪುಡಿಯನ್ನು ಊದಿ ಆಡುತ್ತಿದ್ದ. ಸಂಜೆ ಸೊಸೆ ಕಸಪೊರಕೆ ಹಿಡಿದು ಗುಡಿಸಿದಾಗ ಉಳಿದ ಧೂಳೂ ಎದ್ದಿತು.

ಒದ್ದೆಯಾಗಿದ್ದಾಗ ಏನೂ ಮಾಡದ ಮಣ್ಣು ಒಣಗಿ ಪುಡಿಯಾದಾಗ ಬೇರೆಯೇ ವಸ್ತುವಾಗುತ್ತದೆ. ಜೇಡಿಮಣ್ಣಿನಲ್ಲಿ ಸಿಲಿಕಾ ಎಂಬ ಖನಿಜದ ಹರಳುಗಳಿರುತ್ತವೆ. ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲಿನಲ್ಲಿ ತಡೆದು ನಿಂತು ಸಿಂಬಳ ಕಫಗಳಲ್ಲಿ ಹೊರಬೀಳುತ್ತದೆ. ಅಪಾಯವಿರುವುದು ಕಣ್ಣಿಗೆ ಕಾಣದ, ಮಿಲಿಮೀಟರಿನ ಸಾವಿರ ಭಾಗದಲ್ಲಿ ಕೆಲವೇ ಭಾಗದಷ್ಟಿರುವ ಕಣಗಳಿಂದ. ಇವು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ತಲುಪುತ್ತವೆ. ಅವನ್ನು ನುಂಗಲು ಬಂದ ರಕ್ಷಕ ಕೋಶಗಳೇ ಸಾಯುತ್ತವೆ, ಸತ್ತಲ್ಲಿ ಗಾಯದ ಕಲೆಯಂತಹ ಗಟ್ಟಿ ಅಂಗಾಂಶ ಬೆಳೆಯುತ್ತದೆ. ವರ್ಷಗಟ್ಟಲೆ ಹೀಗಾದರೆ ಬರುವ ಕಾಯಿಲೆಯೇ ಸಿಲಿಕೋಸಿಸ್. ಗಟ್ಟಿಯಾದ ಶ್ವಾಸಕೋಶವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧ ಇಲ್ಲ. ಕ್ಷಯರೋಗವೂ ಇಂತಹವರಿಗೆ ಸುಲಭವಾಗಿ ತಗಲುತ್ತದೆ. ಮಧ್ಯಪ್ರದೇಶದ ಮಂದಸೌರಿನಲ್ಲಿ ಮಕ್ಕಳ ಸ್ಲೇಟು ಕಡ್ಡಿ ತಯಾರಿಸುವ ಕಾರ್ಮಿಕರನ್ನು ಹರೆಯದಲ್ಲೇ ಬಲಿ ತೆಗೆದುಕೊಂಡ ರೋಗ ಇದು. ಇಂತಹ ಉದ್ಯೋಗಗಳಲ್ಲಿ ಉಸಿರಿನೊಡನೆ ಒಳಹೋಗುವ ಸಿಲಿಕಾವನ್ನು 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಓದುಗರು ಗಾಬರಿಯಾಗಬಾರದು. ವಾರಕ್ಕೆರಡು ಗಂಟೆ ಕ್ಲಾಸಿಗೆ ಹೋಗುವವರಿಗೆ ಸಿಲಿಕೋಸಿಸ್ ಬರುವ ಸಂಭವ ತೀರಾ ಕಡಿಮೆ. ಮೊಮ್ಮಗನಿಗೆ ಆದದ್ದೂ ಅದಲ್ಲ. ಯಾವ ಧೂಳಾದರೂ ಉಬ್ಬಸದ ಮಗುವಿನ ಶ್ವಾಸನಾಳವನ್ನು ಕೆರಳಿಸುತ್ತದೆ. ಔಷಧ ಎಳೆದುಕೊಂಡ ಮೇಲೆ ಆ ಸಂಜೆಯೇ ಚೇತರಿಸಿಕೊಂಡ. ನಿಜವಾದ ಅಪಾಯವಿರುವುದು ದಿನವಿಡೀ ಅದೇ ಕೋಣೆಯಲ್ಲಿರುವ ಶಿಕ್ಷಕರಿಗೆ, ಸಂಜೆ ಕೋಣೆ ಗುಡಿಸುವ ಹೆಣ್ಣುಮಗಳಿಗೆ. ಆಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಮಗುವನ್ನು ಕ್ಲಾಸಿಗೆ ಸೇರಿಸುವ ಮೊದಲು ಅಲ್ಲಿ ನೆಲವನ್ನು ಗುಡಿಸುತ್ತಾರೋ ಒರೆಸುತ್ತಾರೋ ಎಂದು ಕೇಳಿ. ಒರೆಸುತ್ತೇವೆ ಎಂದರೆ ಅರ್ಧ ಭಯ ಕಳೆಯಿತು.

ಇದು ಹೊಸ ತಿಳಿವಳಿಕೆಯೇನಲ್ಲ. ಇಂಗ್ಲೆಂಡಿನ ಪಿಂಗಾಣಿ ಕೆಲಸಕ್ಕೆ ಬೆಣಚುಕಲ್ಲನ್ನು ಸುಟ್ಟು ಪುಡಿ ಮಾಡುತ್ತಿದ್ದವರು ಎದೆರೋಗದಿಂದ ಸಾಯುತ್ತಿದ್ದುದನ್ನು ಕಂಡು, ಥಾಮಸ್ ಬೆನ್ಸನ್ ಎಂಬಾತ ನೀರಿನಲ್ಲಿಟ್ಟು ಅರೆಯುವ ವಿಧಾನಕ್ಕೆ 1726ರಲ್ಲೇ ಪೇಟೆಂಟ್ ಪಡೆದ. ಮನೆಯಲ್ಲೂ ಅದೇ ಉಪಾಯ. ಮಡಕೆಯನ್ನು ನಯ ಮಾಡುವುದಿದ್ದರೆ ಪೂರ್ತಿ ಒಣಗುವ ಮೊದಲು ಒದ್ದೆ ಸ್ಪಂಜಿನಿಂದ ಮಾಡಬೇಕು. ಬಿದ್ದ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಕ್ಲಾಸಿನ ಏಪ್ರನ್ ಅನ್ನು ಮನೆಯೊಳಗೆ ಕೊಡವದೆ ನೇರ ನೀರಿಗೆ ಹಾಕಬೇಕು. ಮೂಗಿಗೆ ಕಟ್ಟಿದ ಕರ್ಚೀಫು, ಸೆರಗು ಇಂತಹ ಕಣಗಳನ್ನು ತಡೆಯುವುದಿಲ್ಲ. ಒಣ ಪುಡಿ ಕಲಸುವ ಕೆಲಸವಿದ್ದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸೇ ಬೇಕು. ಕೊರೋನಾ ಕಾಲದಲ್ಲಿ ಕೊಂಡದ್ದು ಬಳಸದೆ, ಕಟ್ಟು ಒಡೆಯದೆ ಉಳಿದಿದ್ದರೆ, ಅವಧಿ ಮೀರಿಲ್ಲವೇ ಎಂದು ನೋಡಿ ಉಪಯೋಗಿಸಬಹುದು.

ಎರಡನೆಯ ಅಪಾಯ ಹೊಳಪಿನದು. ಸುಟ್ಟ ಮಡಕೆಗೆ ಗಾಜಿನಂತಹ ಲೇಪ ಕೊಟ್ಟು ಮತ್ತೆ ಸುಡುತ್ತಾರೆ. ಕೆಲವು ಲೇಪಗಳಲ್ಲಿ ಸೀಸ ಇರುತ್ತದೆ. ಕುಂಬಾರರ ಕೈ ನಡುಗುವುದು, ಸ್ವಾಧೀನ ತಪ್ಪುವುದು ಈ ಸೀಸದಿಂದ ಎಂದು ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿಯೇ ಬರೆದಿಟ್ಟಿದ್ದಾನೆ. ಸರಿಯಾಗಿ ಬೇಯದ ಸೀಸದ ಲೇಪವಿರುವ ಪಾತ್ರೆಯಲ್ಲಿ ಹುಣಸೆಹುಳಿ, ನಿಂಬೆ, ಮಜ್ಜಿಗೆ ಇಟ್ಟರೆ ಸೀಸ ಕರಗಿ ಆಹಾರಕ್ಕೆ ಇಳಿಯುತ್ತದೆ. ದೊಡ್ಡವರಲ್ಲಿ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ. ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಚಿಂತೆಯಿಲ್ಲ ಎನ್ನುವಂತಹ ಮಟ್ಟವೇ ಇಲ್ಲ. ಲೇಪದ ಡಬ್ಬಿಯ ಮೇಲೆ ಸೀಸರಹಿತ ಎಂದು ಬರೆದಿಲ್ಲದಿದ್ದರೆ, ಕೈಯಲ್ಲಿ ಮಾಡಿದ ಪಾತ್ರೆಯನ್ನು ಪೆನ್ನು, ಹೂವು, ಗಿಡಗಳಿಗೆ ಮೀಸಲಿಡಿ. ಉಪ್ಪಿನಕಾಯಿ ಮಾತ್ರ ಬೇಡವೇ ಬೇಡ. ಊರಿನ ಕುಂಬಾರರು ಲೇಪವಿಲ್ಲದೆ ಸುಟ್ಟ ಮಡಕೆಗಳಿಗೆ ಈ ಭಯವಿಲ್ಲ. ಆವಿಗೆ ಉರಿಯುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮುಂತಾದ ಅನಿಲಗಳು ಏಳುವುದರಿಂದ ಅಲ್ಲಿ ಪಾಠ ನಡೆಯಬಾರದು.

ಮಡಕೆಯ ಮುಖ

ಇಷ್ಟೆಲ್ಲ ಹೇಳಿದ ಮೇಲೆ ಆಕೆ ಕ್ಲಾಸು ಬಿಟ್ಟೇಬಿಡುತ್ತಾರೇನೋ ಎಂದುಕೊಂಡಿದ್ದೆ. ಮುಂದಿನ ತಿಂಗಳು ರಕ್ತದೊತ್ತಡ ತೋರಿಸಲು ಬಂದಾಗ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಸುಟ್ಟ ಮಡಕೆಯನ್ನೇ ತಂದಿದ್ದರು. ಮೇಜಿನ ಮೇಲಿಟ್ಟಾಗ ನಾನು ವೈದ್ಯನಾಗಿಯೇ ನೋಡಿದೆ ಎಂದು ಒಪ್ಪಿಕೊಳ್ಳಬೇಕು. ಗಂಡಸಿನ ಮುಖ. ಹುಬ್ಬುಗಳೆರಡೂ ಸಮನಾಗಿದ್ದವು. ಬಾಯಿಯ ಬಲ ಮೂಲೆ ಮಾತ್ರ ಕೆಳಕ್ಕೆ ಇಳಿದಿತ್ತು, ಆ ಕಡೆಯ ಕೆನ್ನೆಯ ಗೆರೆ ಮಾಸಿತ್ತು. ಮುಖದ ನರವೊಂದಕ್ಕೇ ಪೆಟ್ಟು ಬಿದ್ದರೆ ಹಣೆ, ಹುಬ್ಬು ಸೇರಿ ಅರ್ಧ ಮುಖವೆಲ್ಲ ಸಡಿಲವಾಗುತ್ತದೆ. ಮಿದುಳಿನ ರಕ್ತನಾಳ ಕಟ್ಟಿ ಲಕ್ವ ಹೊಡೆದಾಗ ಸಾಮಾನ್ಯವಾಗಿ ಹುಬ್ಬು ಉಳಿದು ಬಾಯಿ ಮಾತ್ರ ವಾಲುತ್ತದೆ. ಈ ವ್ಯತ್ಯಾಸವನ್ನು ನಮಗೆ ಪುಸ್ತಕದಲ್ಲಿ ಓದಿಸಿ, ವಾರ್ಡಿನಲ್ಲಿ ತೋರಿಸಿ ಕಲಿಸಿದ್ದರು.

"ಯಾರಿದು?" ಎಂದೆ.

"ಇವರು ಕಡೀ ಎರಡು ವರ್ಷ ಹಿಂಗ ಇದ್ರಲ್ರೀ. ದಿನಾ ನಾನ ಒರಸಿದ ಮುಖ. ಮೊದಲಿನ ಮುಖಾನ ಮಾಡಬೇಕಂತ ಕುಂತೆ, ಕೈ ಕೇಳಲಿಲ್ಲ."

ಪತಿಯ ಕಾಯಿಲೆಯ ಬಗ್ಗೆ ಆಕೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಆ ಬೆಳಿಗ್ಗೆ ಬಾಯಿ ಸೊಟ್ಟಗಾದದ್ದನ್ನು ಕಂಡೂ "ವಾಯು ಇರಬೇಕು" ಎಂದು ಸಂಜೆವರೆಗೆ ಕಾದರಂತೆ. ಅದನ್ನು ಹೇಳುವಾಗ ಮಡಕೆಯ ಮೇಲಿನ ಕೈ ತೆಗೆಯಲಿಲ್ಲ. ಇದೊಂದನ್ನು ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಬರೆಯುತ್ತೇನೆ: ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಮೇಲೆತ್ತಲಾಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು.

ಮಣ್ಣು ದುಃಖವನ್ನು ಗುಣಪಡಿಸುತ್ತದೆ ಎಂದು ನಾನು ಹೇಳಲಾರೆ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ವಯಸ್ಕರಿಗೆ ಮಣ್ಣು, ಬಣ್ಣದ ಪೆನ್ನು, ಕಾಗದದ ಚೂರು ಕೊಟ್ಟು 45 ನಿಮಿಷ ಏನಾದರೂ ಮಾಡಿ ಎಂದರು. ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ತಗ್ಗಿತ್ತು. ಚಿಕ್ಕ ಅಧ್ಯಯನ. ಸುಮ್ಮನೆ ಕೂತವರೊಂದಿಗೆ ಹೋಲಿಸಿ ನೋಡಿರಲೂ ಇಲ್ಲ. ಅದರ ಆಧಾರದ ಮೇಲೆ ಯಾರಿಗೂ ಮಣ್ಣನ್ನು ಔಷಧವೆಂದು ಬರೆದುಕೊಡಲಾಗದು. ನಿದ್ರೆ, ಊಟ ಬಿಟ್ಟವರಿಗೆ, ಬದುಕೇ ಬೇಡವೆನ್ನುವವರಿಗೆ ಮನೋವೈದ್ಯರೇ ಬೇಕು. ಆಕೆಗೆ ಅಂತಹ ಲಕ್ಷಣಗಳಿಲ್ಲ ಎಂದು ವಿಚಾರಿಸಿ ಖಚಿತಪಡಿಸಿಕೊಂಡೆ.

ಈಗ ಅವರು ಒಣ ಮಡಕೆ ಉಜ್ಜುವುದಿಲ್ಲ. ಮೊಮ್ಮಗನಿಗೆ ಒದ್ದೆ ಬಟ್ಟೆ ಹಿಡಿದು ಮೇಜು ಒರೆಸುವ ಕೆಲಸ ಸಿಕ್ಕಿದೆ. ಬೆರಳ ಗಂಟುಗಳು ಹಾಗೆಯೇ ಇವೆ, ಆದರೆ ಮುಷ್ಟಿ ಕಟ್ಟಲು ಬರುತ್ತದೆ. ಮಡಕೆಯಲ್ಲಿ ಪತಿಯ ಕನ್ನಡಕ, ಪೆನ್ನು ಇಟ್ಟಿದ್ದಾರಂತೆ. ಅದನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತುವಾಗ ಒಂದು ಕಿವಿ ಇಲ್ಲದ್ದನ್ನು ಗಮನಿಸಿ ಕೇಳಿದೆ. ಗೀರು ಹಾಕದೆ ಅಂಟಿಸಿದ್ದರಿಂದ ಆವಿಗೆಯಲ್ಲಿ ಕಳಚಿ ಬಿದ್ದಿತ್ತು.

"ಇರ್ಲಿ ಬಿಡ್ರಿ," ಎಂದರು. "ಆ ಕಿವಿ ಇವರಿಗೆ ಮೊದಲಿಂದಾನೂ ಕೇಳ್ತಿರಲಿಲ್ಲ."