ಕೋಸ್ಟಾ ಹಮ್ಮಿಂಗ್ ಹಕ್ಕಿ: ರೂಪ ಮತ್ತು ಪ್ರಣಯ

ಹಮ್ಮಿಂಗ್ ಹಕ್ಕಿಯನ್ನು ‘ಸೂರಕ್ಕಿ’ ಎಂದು ಅನುವಾದಿಸುವ ವಿದ್ಯಾರ್ಥಿಗಳುಂಟು. ಅದು ಸರಿಯಲ್ಲ. ನಮ್ಮ ಸೂರಕ್ಕಿ, ಅಂದರೆ ಮರಾಠಿಯ ಸೂರ್ಯಪಕ್ಷಿ, ಬೇರೆಯೇ ಕುಟುಂಬಕ್ಕೆ ಸೇರಿದುದು. ಎರಡೂ ಮಕರಂದ ಹೀರಿ ಬದುಕುವುದರಿಂದ ಹೋಲಿಕೆ ಒದಗಿದೆಯೇ ಹೊರತು ಹತ್ತಿರದ ನಂಟಿನಿಂದಲ್ಲ. ಹಮ್ಮಿಂಗ್ ಹಕ್ಕಿಗಳು ಇಂದು ಅಮೆರಿಕ ಖಂಡಗಳಲ್ಲಿ ಮಾತ್ರ ನೆಲಸಿವೆ. ಅವುಗಳಲ್ಲಿ ಸೊನೋರಾ ಮತ್ತು ಮೊಹಾವಿ ಮರುಭೂಮಿಗಳ ನಿವಾಸಿಯೇ ಕೋಸ್ಟಾ ಹಮ್ಮಿಂಗ್ ಹಕ್ಕಿ.

ಇದರ ತೂಕ ಸುಮಾರು 3 ಗ್ರಾಂ. ಬೆನ್ನು ಹಸಿರು, ಹೊಟ್ಟೆ ಮಾಸಲು ಬಿಳುಪು. ಹೆಣ್ಣಿನ ರೂಪ ಸರಳ. ಗಂಡಿನ ನೆತ್ತಿ ಮತ್ತು ಕೊರಳು ಮಾತ್ರ ಉಜ್ಜ್ವಲ ನೇರಳೆ. ಕೊರಳಿನ ಗರಿಗಳು ಇಕ್ಕೆಲಗಳಲ್ಲಿ ಉದ್ದವಾಗಿ ಬೆಳೆದು ಇಳಿಬಿಟ್ಟ ಮೀಸೆಯಂತೆ ತೋರುತ್ತವೆ. ಆದರೆ ಆ ಗರಿಗಳಲ್ಲಿ ನೇರಳೆ ವರ್ಣದ್ರವ್ಯವಿಲ್ಲ. ನವಿಲುಗರಿಯ ನೀಲಿಯಂತೆಯೇ ಇದೂ ಗರಿಯ ಸೂಕ್ಷ್ಮ ರಚನೆಯಿಂದ ಹೊಮ್ಮುವ ಬೆಳಕು. ಕೋನ ತಪ್ಪಿದರೆ ಅದೇ ಕೊರಳು ಕಪ್ಪಾಗಿ ಕಾಣುತ್ತದೆ.

ಆದುದರಿಂದಲೇ ಪ್ರಣಯಕಾಲದಲ್ಲಿ ಗಂಡು ತನ್ನನ್ನು ಹೆಣ್ಣಿನ ಕಡೆಗೆ ತಿರುಗಿಸಿ ತೋರಬೇಕಾಗುತ್ತದೆ. ಕುಳಿತ ಹೆಣ್ಣಿನ ಎದುರು ಕೊರಳಿನ ಗರಿಗಳನ್ನು ಹರಡಿ, ಅತ್ತಿತ್ತ ತೂಗುತ್ತ ಹಾರುತ್ತದೆ. ಇನ್ನೊಂದು ಬಗೆಯ ಪ್ರದರ್ಶನದಲ್ಲಿ ಎತ್ತರಕ್ಕೇರಿ ವೇಗವಾಗಿ ಕೆಳಗೆರಗಿ ಮತ್ತೆ ಮೇಲೇರುತ್ತದೆ. ಆಗ ಕೇಳುವ ಸಿಳ್ಳೆಯಂಥ ನಾದವನ್ನು ಬಾಲದ ಗರಿಗಳ ಕಂಪನವೂ ಹುಟ್ಟಿಸುತ್ತದೆ.

ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ಎಮಿಲಿ ಮಿಸ್ಟಿಕ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿಯ ಸೂಕ್ಷ್ಮವೊಂದನ್ನು ತೋರಿಸಿತು. ರೈಲು ಸಮೀಪಿಸುವಾಗ ಅದರ ಸೀಟಿಯ ಸ್ಥಾಯಿ ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ಕೇಳುತ್ತದಲ್ಲವೆ? ಈ ವ್ಯತ್ಯಾಸದಿಂದ ವೇಗವನ್ನು ಅಂದಾಜು ಮಾಡಬಹುದು. ಆದರೆ ಈ ಗಂಡು ಹಕ್ಕಿ ಹೆಣ್ಣಿನ ನೆತ್ತಿಯ ಮೇಲಲ್ಲ, ಪಕ್ಕದಲ್ಲಿ ಎರಗುತ್ತದೆ. ಬಾಲದ ಅರ್ಧಭಾಗವನ್ನು ಅವಳತ್ತ ತಿರುಚಿ ನಾದವನ್ನು ಅವಳ ಕಡೆಗೇ ಹಾಯಿಸುತ್ತದೆ. ಪಕ್ಕದಿಂದ ಎರಗುವುದರಿಂದ ಸ್ಥಾಯಿಯ ಏರಿಳಿತ ತಗ್ಗಿ, ಅವನ ನಿಜವಾದ ವೇಗವನ್ನು ಅಳೆಯುವುದು ಅವಳಿಗೆ ಕಷ್ಟವಾಗುತ್ತದೆ.

ಆಯ್ಕೆ ಹೆಣ್ಣಿನದು, ಮುಂದಿನ ಹೊಣೆಯೂ ಅವಳದೇ. ಜೇಡರ ಬಲೆಯ ಎಳೆಗಳಿಂದ ಬಿಗಿದ ಪುಟ್ಟ ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಟ್ಟು ಮರಿಗಳನ್ನು ಒಬ್ಬಳೇ ಸಾಕುತ್ತಾಳೆ.

‘ನೇರಳೆ ಕೊರಳಿನ ಹಕ್ಕಿ’ ಎಂದಷ್ಟೇ ಬರೆದರೆ ವರ್ಣನೆ ಅರ್ಧಕ್ಕೆ ನಿಲ್ಲುತ್ತದೆ. ಆ ನೇರಳೆ ಯಾರಿಗೆ, ಯಾವ ಕಡೆಯಿಂದ, ಯಾವ ಗಳಿಗೆಯಲ್ಲಿ ಕಾಣುತ್ತದೆ ಎಂಬುದೂ ಅದರೊಳಗೆ ಬರಬೇಕು. ಕಾವ್ಯಮೀಮಾಂಸೆಯಲ್ಲಿ ಸಹೃದಯನ ಸ್ಥಾನವನ್ನು ಓದುತ್ತಿರುವ ನಿಮಗೆ ಈ ಮಾತು ಹೊಸದಾಗಿರಲಾರದು.