ಗೋಪ್ಯವಾದ ವರದಿ, ಮುಚ್ಚಿಡಲಾಗದ ಸತ್ಯ

ಚಿಕಿತ್ಸೆಯಲ್ಲಿ ಸಂಭವಿಸಿದ ಅವಘಡವನ್ನು ಕುರಿತು ವೈದ್ಯರು ಬರೆದೊಪ್ಪಿಸುವ ವರದಿಯನ್ನು ಕಾನೂನು ಗೋಪ್ಯವಾಗಿಡುವುದು ನ್ಯಾಯವೇ? ರೋಗಿಗಳ ನಡುವೆ ಸೇವೆಗೈಯುವ ಸಭಾಪಾಲಕರಾದ ನಾವು ಈ ಪ್ರಶ್ನೆಯನ್ನು ಬದಿಗಿಡುವಂತಿಲ್ಲ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು 1999ರಲ್ಲಿ, ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅಂದಾಜಿಸಿತು. ಬಹುಪಾಲು ತಪ್ಪುಗಳಿಗೆ ವ್ಯಕ್ತಿಯ ಅಜಾಗ್ರತೆಗಿಂತ ವ್ಯವಸ್ಥೆಯ ದೋಷವೇ ಕಾರಣವೆಂದೂ ತಿಳಿಸಿತು. ದಂಡನೆಯ ಭಯವಿರುವಲ್ಲಿ ತಪ್ಪನ್ನು ಹೇಳಿಕೊಳ್ಳುವವರು ವಿರಳ. ಹೇಳದೆ ಉಳಿದ ದೋಷವು ಮತ್ತೊಬ್ಬ ರೋಗಿಯನ್ನು ಬಾಧಿಸುತ್ತದೆ. ಆದಕಾರಣ 2005ರ ರೋಗಿ ಸುರಕ್ಷತಾ ಕಾಯಿದೆಯು, ಮಾನ್ಯತೆ ಪಡೆದ ಸುರಕ್ಷತಾ ಸಂಸ್ಥೆಗಳಿಗೆ ಸಲ್ಲಿಸುವ ವರದಿಗಳನ್ನು, ಕೆಲವು ವಿನಾಯಿತಿಗಳ ಹೊರತು, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸದಂತೆ ರಕ್ಷಿಸಿತು. ಆದರೆ ರೋಗಿಯ ಮೂಲ ಚಿಕಿತ್ಸಾ ದಾಖಲೆಗಳಿಗೆ ಆ ರಕ್ಷಣೆಯಿಲ್ಲ. ಕಲಿಯುವುದಕ್ಕಾಗಿ ಬರೆದದ್ದು ಗೋಪ್ಯ. ನಡೆದ ಸಂಗತಿ ಗೋಪ್ಯವಲ್ಲ.

ಈ ಭೇದವು ನಮಗೆ ಹೊಸದಲ್ಲ. ಪಾಪನಿವೇದನೆಯ ಗುಟ್ಟನ್ನು ಸಭೆಯು ಕಾಯುತ್ತದೆ; ಆದರೂ ನಿವೇದಿಸಿದವನು ಅನ್ಯಾಯಕ್ಕೊಳಗಾದವನ ಋಣದಿಂದ ಬಿಡುಗಡೆ ಹೊಂದುವುದಿಲ್ಲ. ಅರಣ್ಯಕಾಂಡದ 5ನೆಯ ಅಧ್ಯಾಯವು ಪಾಪದ ಅರಿಕೆಯನ್ನೂ ನಷ್ಟ ತುಂಬಿಕೊಡುವುದನ್ನೂ ಒಂದೇ ವಿಧಿಯಲ್ಲಿ ಸೇರಿಸುತ್ತದೆ; ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದನು.

ಆದುದರಿಂದ ವೈದ್ಯರೊಬ್ಬರು ನಮ್ಮ ಬಳಿ ಮನಸ್ಸು ಬಿಚ್ಚಿದಾಗ ನಾವು ಮೌನವನ್ನು ಕಾಯೋಣ. ಅದರೊಡನೆ, ಶೋಕದಲ್ಲಿರುವ ಮನೆಯವರಿಗೆ ನಡೆದದ್ದನ್ನು ತಾವೇ ತಿಳಿಸುವ ಧೈರ್ಯವನ್ನು ಅವರಲ್ಲಿ ತುಂಬೋಣ. ವರದಿಯ ಗೋಪ್ಯತೆಯು ಆ ಮನೆಯವರಿಗೆ ಸಲ್ಲಬೇಕಾದ ಉತ್ತರವನ್ನು ಕಸಿದುಕೊಳ್ಳಬಾರದು.